ಕತ್ತರಿಸಿ ಕೊಟ್ಟ ಮಾತ್ರೆಗೆ ಹೆಸರಾದರೂ ಇರಲಿ

ಮಾನ್ಯ ಸಂಪಾದಕರೇ,

ನಾನು ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವನು. ಬೆಳಿಗ್ಗೆ ಐದಕ್ಕೆ ಬಿಸಿನೀರಿನ ಬೇಸಿನ್ ಮುಂದೆ ನಿಂತರೆ ಮಧ್ಯಾಹ್ನದವರೆಗೂ ನಿಂತೇ ಇರಬೇಕು. ಮೂವತ್ತು ವರ್ಷ ಹೀಗೆ ನಿಂತ ಮಂಡಿ ಸುಮ್ನಿರುತ್ತದೆಯೇ? ಮೆಡಿಕಲ್ ಶಾಪಿಗೆ ಹೋಗಿ 'ಮಂಡಿ ನೋವಿಗೆ ಒಂದು ನಾಲ್ಕು ಕೊಡಪ್ಪ' ಅನ್ನುವುದು. ಅವನು ಕತ್ತರಿಯಲ್ಲಿ ಕಚ್ ಅಂತ ನಾಲ್ಕು ಕತ್ತರಿಸಿ, ಸಣ್ಣ ಕವರಿಗೆ ಹಾಕಿ, ಮೇಲೆ 1–0–1 ಅಂತ ಗೀಚಿ ಕೊಡುವುದು.

ಕಳೆದ ಮಳೆಗಾಲದಲ್ಲಿ ಹಲ್ಲು ನೋವೂ ಶುರುವಾಯಿತು. ಬೇರೆ ಅಂಗಡಿಯಿಂದ ಬೇರೆ ಮಾತ್ರೆ ತಂದೆ. ನೋವು ಬೇರೆ, ಮಾತ್ರೆ ಬೇರೆ, ಅಲ್ವಾ? ಎರಡನ್ನೂ ನುಂಗಿದೆ, ಅದೂ ಬೆಳಗಿನ ಬರೀ ಕಾಫಿಯ ಜೊತೆ. ಹೃದಯಕ್ಕೆಂದು ಡಾಕ್ಟರು ಬರೆದುಕೊಟ್ಟ 75 ಮಿಲಿಗ್ರಾಂ ಆಸ್ಪಿರಿನ್ ಹೇಗೂ ಇತ್ತು. ಹತ್ತು ದಿನಕ್ಕೆ ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗತೊಡಗಿತು. ಹುರುಳಿ ಬಸ್ಸಾರಿನ ಮಹಿಮೆ ಇರಬೇಕು ಅಂದುಕೊಂಡೆ. ಮೂರನೇ ದಿನ ಬೇಸಿನ್ ಹತ್ತಿರವೇ ಕಣ್ಣು ಕತ್ತಲೆ ಬಂತು. ಪುಣ್ಯಕ್ಕೆ ಹಿಂದಕ್ಕೆ ಬಿದ್ದೆ, ಮುಂದಕ್ಕಲ್ಲ.

ಎಂಡೋಸ್ಕೋಪಿ ಮಾಡಿದರು. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿತ್ತು. ಎರಡು ಬಾಟಲಿ ರಕ್ತ ಕೊಟ್ಟರು. 'ಯಾವ ಮಾತ್ರೆ ತಗೋತಿದ್ರಿ?' ಎಂದು ಡಾಕ್ಟರಮ್ಮ ಕೇಳಿದಾಗ ಕವರು ತೋರಿಸಿದೆ. ಒಂದು ತುಂಡಿನ ಬೆನ್ನ ಮೇಲೆ 'ಫಿನಾಕ್' ಎಂಬ ಬಾಲ ಮಾತ್ರ ಉಳಿದಿತ್ತು. ಇನ್ನೊಂದರಲ್ಲಿ ಅರ್ಧ ಬೆಲೆ. ಮಗ ಅಂಗಡಿಗಳಿಗೆ ಓಡಿ ಕೇಳಿಕೊಂಡು ಬಂದ: ಒಂದು ಡೈಕ್ಲೋಫಿನಾಕ್, ಇನ್ನೊಂದು ಐಬುಪ್ರೊಫೆನ್. ಎರಡೂ ಒಂದೇ ಜಾತಿಯವು, ಆಸ್ಪಿರಿನ್ ಕೂಡ ಅದೇ ಮನೆತನ ಎಂದರು ಡಾಕ್ಟರಮ್ಮ. ಹೊಟ್ಟೆಯ ಒಳಗೋಡೆಗೆ ಆಸಿಡ್ ತಾಗದಂತೆ ಲೋಳೆಯ ಪದರ ಇರುತ್ತದಂತೆ. ಅದನ್ನು ಕಾಯುವ, ಮೈಯಲ್ಲೇ ತಯಾರಾಗುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವೇ ಗಾಯವಾದ ಕಡೆ ನೋವನ್ನೂ ಹೆಚ್ಚಿಸುತ್ತದೆ. ಮಾತ್ರೆ ಅದನ್ನು ತಡೆದಾಗ ನೋವೂ ಇಳಿಯುತ್ತದೆ, ಪದರವೂ ಸವೆಯುತ್ತದೆ. ಇದೆಲ್ಲ ರಕ್ತದ ಮೂಲಕ ನಡೆಯುವ ಕೆಲಸ. ಊಟದ ಮೇಲೆ ನುಂಗಿದರೆ ಉರಿ ಕಡಿಮೆಯಾದೀತು, ಹುಣ್ಣು ತಪ್ಪುತ್ತದೆ ಅನ್ನುವ ಹಾಗಿಲ್ಲ. ಇಂಜೆಕ್ಷನ್ ಹಾಕಿಸಿಕೊಂಡರೂ ಅದೇ ಕಥೆ.

ಈಗ ನೋವು ಜಾಸ್ತಿಯಾದರೆ ಪ್ಯಾರಸಿಟಮಾಲ್, 650ರದ್ದು, ಆರು ಗಂಟೆ ಬಿಟ್ಟು. ಹೊಟ್ಟೆಗೆ ಇದರ ಕಾಟ ಕಡಿಮೆ. ಹಾಗಂತ ಪೆಪ್ಪರ್‌ಮಿಂಟಿನ ಹಾಗೆ ತಿನ್ನುವಂತಿಲ್ಲ. ದಿನಕ್ಕೆ 4 ಗ್ರಾಂ ದಾಟಿದರೆ ಲಿವರಿಗೆ ಪೆಟ್ಟು, ಕುಡಿಯುವವರಿಗೆ ಅದಕ್ಕೂ ಮೊದಲೇ. ಎಷ್ಟೋ ನೆಗಡಿ ಮಾತ್ರೆಗಳಲ್ಲೂ ಇದೇ ಸೇರಿರುತ್ತದೆ. ಆಸ್ಪಿರಿನ್ ಬಿಡುವಂತಿಲ್ಲವಾದ್ದರಿಂದ ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ಹೊಟ್ಟೆಯ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಬರೆದಿದ್ದಾರೆ.

ಡೈಕ್ಲೋಫಿನಾಕ್ ಕೊಟ್ಟ ದನಗಳ ಹೆಣ ತಿಂದು ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತವೆಂದು, ದನಗಳಿಗೆ ಅದನ್ನು ಕೊಡುವುದನ್ನು 2006ರಲ್ಲೇ ಸರ್ಕಾರ ನಿಷೇಧಿಸಿತು. ನಮ್ಮ ರಾಮದೇವರ ಬೆಟ್ಟದಲ್ಲಿ ರಣಹದ್ದು ಧಾಮವೇ ಇದೆ. ಹದ್ದಿಗೆ ಇಷ್ಟು ಕಾಳಜಿ. ಬೆಟ್ಟದ ಕೆಳಗಿನ ನಮಗೆ ಅದೇ ಮಾತ್ರೆ ಚೀಟಿಯಿಲ್ಲದೆ ಸಿಗುತ್ತದೆ! ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಬೇಕು ಎಂದರ್ಥ. ಕತ್ತರಿಸಿದ ತುಂಡಿನಲ್ಲಿ ಆ ಗೆರೆ ಎಲ್ಲಿರುತ್ತದೆ?

ಬಿಡಿ ಮಾತ್ರೆ ಮಾರಬೇಡಿ ಎಂದು ನಾನು ಹೇಳುತ್ತಿಲ್ಲ. ಹತ್ತರ ಸ್ಟ್ರಿಪ್ ಕೊಳ್ಳಲು ಎಲ್ಲರ ಜೇಬಲ್ಲೂ ಕಾಸಿರುವುದಿಲ್ಲ. 1–0–1 ಗೀಚುವ ಕೈ ಪಕ್ಕದಲ್ಲೇ ಮಾತ್ರೆಯ ಹೆಸರನ್ನೂ ಬರೆಯಲಿ, ಕನ್ನಡದಲ್ಲಿ. 'ಅಲ್ಸರ್ ಇತ್ತಾ? ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ?' ಎಂದು ಒಂದು ಮಾತು ಕೇಳಲಿ. ಔಷಧ ಇಲಾಖೆಯವರು ತಪಾಸಣೆಗೆ ಬಂದಾಗ ಲೈಸೆನ್ಸ್ ಜೊತೆಗೆ ಕೌಂಟರಿನ ಮೇಲಿನ ಕವರುಗಳನ್ನೂ ಒಮ್ಮೆ ನೋಡಲಿ. ಮೊನ್ನೆ ನಮ್ಮ ಅಂಗಡಿಯ ಹುಡುಗನಿಗೆ ಹೆಸರು ಬರೆಯಪ್ಪ ಅಂದೆ. 'ನೀವು ಓದ್ತೀರಾ ಯಜಮಾನ್ರೇ?' ಎಂದು ನಕ್ಕ. ಆಮೇಲೆ ಬರೆದ.

– ರೇಷ್ಮೆ ರೀಲರ್ ಒಬ್ಬ, ರಾಮನಗರ