ಕಣ್ಣಿನ ಕಸಿಯ ನಂತರದ ಸೂಚನೆ ಕನ್ನಡದಲ್ಲಿರಲಿ

ಮಾನ್ಯ ಸಂಪಾದಕರೇ,

ಪ್ರತಿವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ನಡೆಯುವ ನೇತ್ರದಾನ ಪಾಕ್ಷಿಕದಲ್ಲಿ ಪತ್ರಿಕೆಗಳು ಕಣ್ಣು ಕೊಡುವವರ ಬಗ್ಗೆ ವಿವರವಾಗಿ ಬರೆಯುತ್ತವೆ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ನಾಲ್ವರಿಗೆ ಬೆಳಕಾದ ಮೇಲಂತೂ ನಮ್ಮೂರಿನ ಹುಡುಗರು ತಾವಾಗಿಯೇ ನೋಂದಣಿಗೆ ಮುಂದೆ ಬಂದರು. ಆದರೆ ಹಾಗೆ ಪಡೆದ ಕಣ್ಣನ್ನು ಮನೆಯಲ್ಲಿ ಕಾಪಾಡಿಕೊಳ್ಳುವುದು ಹೇಗೆಂದು ರೋಗಿಯ ಮನೆಯವರಿಗೆ ತಿಳಿಯುವಂತೆ ಹೇಳುವವರು ಕಡಿಮೆ.

ಒಕ್ಕಣೆಯಲ್ಲಿ ಭತ್ತದ ಸುಂಕು ಬಡಿದು, ಹುಣ್ಣಾಗಿ, ಅದು ಮಾಯ್ದ ಮೇಲೂ ಬಿಳಿ ಕಲೆ ಉಳಿದು ಬಲಗಣ್ಣಿನ ದೃಷ್ಟಿ ಕಳೆದುಕೊಂಡಿದ್ದ ನನ್ನ ತಾಯಿಗೆ ಕಳೆದ ವರ್ಷ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಕಸಿ ಮಾಡಲಾಯಿತು. ಕೂದಲಿಗಿಂತ ತೆಳುವಾದ ನೈಲಾನ್ ದಾರದ 16 ಹೊಲಿಗೆಗಳು ಗಡಿಯಾರದ ಗೆರೆಗಳಂತೆ ಸುತ್ತಲೂ ಇದ್ದುದನ್ನು ವೈದ್ಯರು ಪರದೆಯ ಮೇಲೆ ತೋರಿಸಿದರು. ತಲೆಗೆ ನೀರು ಹಾಕಬಾರದು, ಕೊಡ ಎತ್ತಬಾರದು, ಸೌದೆ ಒಲೆಯ ಮುಂದೆ ಕೂರಬಾರದು, ರಾತ್ರಿ ಪ್ಲಾಸ್ಟಿಕ್ ಮುಚ್ಚಳ ಕಟ್ಟಿಕೊಂಡೇ ಮಲಗಬೇಕು ಎಂಬ ಪಥ್ಯವನ್ನೆಲ್ಲ ಅವ್ವ ಚಾಚೂ ತಪ್ಪದೆ ಪಾಲಿಸಿದರು. ಕಷ್ಟವಾದದ್ದು ಹನಿ ಔಷಧ. ಕೈ ಸೋಪಿನಿಂದ ತೊಳೆದು, ಅವರ ತಲೆಯನ್ನು ಹಿಂದಕ್ಕೆ ವಾಲಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು, ಬಾಟಲಿಯ ಮೂತಿ ರೆಪ್ಪೆಗೂದಲಿಗೆ ತಾಗದಂತೆ ಒಂದೇ ಹನಿ ಬಿಡುವುದು, ಐದು ನಿಮಿಷ ಕಾದು ಇನ್ನೊಂದು ಔಷಧ ಹಾಕುವುದು, ಮತ್ತೆ ಗಂಟೆ ನೋಡುತ್ತಾ ಕೂರುವುದು: ಮೊದಲ ವಾರಗಳಲ್ಲಿ ಹಗಲೆಲ್ಲ ಇದೇ ಕೆಲಸ.

ನಾಲ್ಕನೇ ತಿಂಗಳಲ್ಲಿ ಕಣ್ಣಿನ ಕೆಂಪು ಪೂರ್ತಿ ಇಳಿದಿತ್ತು. ಕಸಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಸ್ಟೀರಾಯ್ಡ್ ಹನಿಯ ಬಾಟಲಿ ಮುಗಿದಾಗ, ಇನ್ನು ಸಾಕೆಂದುಕೊಂಡು ನಾನೇ ನಿಲ್ಲಿಸಿದೆ. ಅದನ್ನು ಹಂತಹಂತವಾಗಿ ಕಡಿಮೆ ಮಾಡುತ್ತಾ ಮುಂದುವರಿಸಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿತ್ತು. ಆದರೆ ಇಂಗ್ಲಿಷಿನಲ್ಲಿ, ಅದೂ ಅರ್ಧಂಬರ್ಧ ಅಕ್ಷರಗಳಲ್ಲಿ. ಹತ್ತು ದಿನಕ್ಕೆ ಅವ್ವ ಬಾಗಿಲ ಬೆಳಕಿಗೆ ಕಣ್ಣು ಮುಚ್ಚಿಕೊಂಡು, ‘ಮಂಜು ಕವಿದಂಗೈತೆ ಕಣಪ್ಪ’ ಎಂದರು. ಅಂದೇ ಆಸ್ಪತ್ರೆಗೆ ಓಡಿದ್ದರಿಂದ, ದೇಹವು ಕಸಿಯನ್ನು ತಿರಸ್ಕರಿಸಲು ತೊಡಗಿದ್ದು ಗೊತ್ತಾಗಿ, ಮತ್ತೆ ಗಂಟೆಗೊಂದು ಹನಿ ಹಾಕಿ ಕಣ್ಣು ಉಳಿಯಿತು. ಒಂದು ವಾರ ತಡ ಮಾಡಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ನಡುಗುತ್ತದೆ. ಆರೋಗ್ಯವಂತ ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲದ ಕಾರಣ ಬೇರೆ ಅಂಗಗಳ ಕಸಿಗಿಂತ ತಿರಸ್ಕಾರದ ಭಯ ಕಡಿಮೆಯಾದರೂ, ವರ್ಷಗಳ ನಂತರವೂ ಅದು ಕಾಣಿಸಿಕೊಳ್ಳಬಹುದೆಂದು ನಮಗೆ ತಿಳಿದದ್ದು ಆಗಲೇ. ಕೆಂಪಾಗುವುದು, ಬೆಳಕು ಚುಚ್ಚುವುದು, ಮಸುಕಾಗುವುದು, ನೋವು, ಇವುಗಳಲ್ಲಿ ಒಂದೇ ಕಂಡರೂ ಮರುದಿನಕ್ಕೆ ಕಾಯಬಾರದು.

ಆದ್ದರಿಂದ ಕಸಿ ಮಾಡುವ ಪ್ರತಿಯೊಂದು ಆಸ್ಪತ್ರೆಯೂ ಯಾವ ಬಣ್ಣದ ಮುಚ್ಚಳದ ಔಷಧ, ಯಾವ ದಿನದಿಂದ ಎಷ್ಟು ಬಾರಿ ಎಂಬುದನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಬರೆದು ಕೊಡುವುದನ್ನು ಆರೋಗ್ಯ ಇಲಾಖೆ ಕಡ್ಡಾಯಗೊಳಿಸಬೇಕು. ಸ್ಟೀರಾಯ್ಡ್ ಹನಿಯಿಂದ ಕಣ್ಣಿನೊಳಗಿನ ಒತ್ತಡ ಏರಬಹುದಾದ್ದರಿಂದ ಅದನ್ನು ಅಳೆಯಲೆಂದೇ ಬಡವರು ಕೂಲಿ ಬಿಟ್ಟು ಬೆಂಗಳೂರಿಗೆ ಹೋಗಿಬರುವಂತಾಗಬಾರದು. ಆ ತಪಾಸಣೆ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲೂ ನಿಗದಿತ ದಿನ ಸಿಗುವಂತಾಗಬೇಕು. ಅವ್ವನ ಕಣ್ಣಿನಲ್ಲಿ ಇನ್ನೂ ಆರು ಹೊಲಿಗೆಗಳಿವೆ, ಮುಂದಿನ ತಪಾಸಣೆ ಬರುವ ತಿಂಗಳು.

– ಓದುಗ, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ