ಬಿಟ್ಟುಹೋಗಿ ಮರಳಿ ಬಂದವರ ಹಳೆಯ ವರ್ಷಗಳು

ಮಾನ್ಯ ಸಂಪಾದಕರೇ,

ಮನೆಗೆಲಸದವರ ಕನಿಷ್ಠ ವೇತನ, ವಾರದ ರಜೆಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಚರ್ಚೆಯಾಗುತ್ತದೆ. ಆದರೆ ಒಂದೇ ಮನೆಯಲ್ಲಿ ಹತ್ತಾರು ವರ್ಷ ದುಡಿದವರು ಕೆಲಸ ಬಿಟ್ಟಾಗ ಅವರಿಗೆ ಸಲ್ಲಬೇಕಾದದ್ದೇನು, ಬಿಟ್ಟವರು ಒಂದೆರಡು ವರ್ಷದ ಮೇಲೆ ಅದೇ ಮನೆಗೆ ಮರಳಿದರೆ ಹಿಂದಿನ ಸೇವೆಯ ಗತಿಯೇನು ಎಂಬ ಪ್ರಶ್ನೆಯನ್ನು ಎತ್ತುವವರು ಕಡಿಮೆ. ನಮ್ಮ ಮನೆಯಲ್ಲಿಯೇ ಅಂಥ ಪ್ರಸಂಗ ಬಾರದಿದ್ದರೆ ನಾನೂ ಎತ್ತುತ್ತಿರಲಿಲ್ಲ. ಅದರಲ್ಲಿ ತಪ್ಪು ನನ್ನದು.

ಪಾತ್ರೆ, ಕಸ, ಬಟ್ಟೆಯ ಕೆಲಸಕ್ಕೆಂದು 2008ರಲ್ಲಿ ನಮ್ಮಲ್ಲಿಗೆ ಸೇರಿದವರು, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ನಂಜನಗೂಡಿನ ಕಡೆಯ ತಮ್ಮ ಊರಿಗೆ ಹೋಗಬೇಕಾಗಿ ಬಂದು 2021ರಲ್ಲಿ ಕೆಲಸ ಬಿಟ್ಟರು. ಆಗ ಅವರ ಸಂಬಳ ತಿಂಗಳಿಗೆ 4,500 ರೂಪಾಯಿ. ಹೊರಡುವ ದಿನ ಅರಿಸಿನ ಕುಂಕುಮದೊಂದಿಗೆ ಒಂದು ಸೀರೆಯನ್ನೂ 3,000 ರೂಪಾಯಿಯನ್ನೂ ಕೊಟ್ಟೆ. ಅದರಲ್ಲಿಯೂ ಮೊದಲು ಪಡೆದಿದ್ದ ಸಾವಿರ ರೂಪಾಯಿ ಅಡ್ವಾನ್ಸ್ ಮುರಿದುಕೊಂಡೆ. ಧಾರಾಳವಾಗಿ ನಡೆದುಕೊಂಡೆನೆಂದೇ ಅಂದು ನನಗೆ ಅನ್ನಿಸಿತ್ತು. ಅತ್ತೆ ತೀರಿಕೊಂಡ ಮೇಲೆ, 2023ರಲ್ಲಿ, ಅವರು ಮತ್ತೆ ಕೆಲಸ ಕೇಳಿಕೊಂಡು ಬಂದಾಗ ಅದೇ ಕೆಲಸಕ್ಕೆ 4,000 ಎಂದೆ, ‘ಹೊಸದಾಗಿ ಸೇರಿದ ಹಾಗೆಯೇ ಅಲ್ಲವೇ’ ಎಂದೂ ಸೇರಿಸಿದೆ. ಅವರು ತಕರಾರು ಮಾಡದೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರು.

ಆಮೇಲೊಂದು ಆಯುಧಪೂಜೆಗೆ ಅಟ್ಟ ಶುಚಿ ಮಾಡಿಸುವಾಗ ಹಳೆಯ ಗೋಡೆ ಕ್ಯಾಲೆಂಡರುಗಳ ಸುರುಳಿಯೊಂದು ಸಿಕ್ಕಿತು. ಅವರು ಕೆಲಸಕ್ಕೆ ಬಾರದ ದಿನಗಳಿಗೆಲ್ಲ ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಎಷ್ಟು ಹಿಡಿಯಬೇಕೆಂದು ಬರೆದಿಟ್ಟಿದ್ದೆ. ಹದಿಮೂರು ವರ್ಷಗಳ ಆ ಸುತ್ತುಗಳೇ ಈಗ ಅವರ ಸೇವೆಗೆ ನಮ್ಮ ಮನೆಯಲ್ಲಿರುವ ಏಕೈಕ ದಾಖಲೆ.

ನನ್ನ ಪತಿ ಖಾಸಗಿ ಕಾರ್ಖಾನೆಯೊಂದರಿಂದ ನಿವೃತ್ತರಾದಾಗ 1972ರ ಗ್ರಾಚ್ಯುಟಿ (ದೀರ್ಘ ಸೇವೆಗಾಗಿ ಕೆಲಸ ಬಿಡುವಾಗ ಕೊಡುವ ಇಡಿಗಂಟು) ಪಾವತಿ ಕಾಯ್ದೆಯಂತೆ ಅವರಿಗೆ ಹಣ ಬಂದಿತ್ತು. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸುವುದು ಅದರ ಕ್ರಮ. (ಆ ಹಣದಲ್ಲಿ ಕಟ್ಟಿಸಿದ ಮಹಡಿಯ ಮೆಟ್ಟಿಲುಗಳನ್ನು ಇಷ್ಟು ವರ್ಷ ಒರೆಸಿದವರೂ ಇವರೇ.) ಐದು ವರ್ಷ ಸತತವಾಗಿ ದುಡಿದವರು ತಾವಾಗಿಯೇ ರಾಜೀನಾಮೆ ಕೊಟ್ಟರೂ ಈ ಹಣ ಸಲ್ಲಬೇಕು, 30 ದಿನಗಳೊಳಗೆ ಕೊಡದಿದ್ದರೆ ಬಡ್ಡಿ ಸೇರಬೇಕು. ನಮ್ಮ ಕೆಲಸದವರಿಗೆ ಇದೇ ಲೆಕ್ಕ ಹಾಕಿದರೆ 33,750 ರೂಪಾಯಿ ಆಗುತ್ತದೆ. ನಾನು ಕೊಟ್ಟದ್ದು, ಅಡ್ವಾನ್ಸ್ ಕಳೆದು, 2,000.

ಈ ಕಾಯ್ದೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಅನ್ವಯಿಸುತ್ತಿತ್ತೇ ಹೊರತು ಮನೆಗಳಿಗಲ್ಲ. 2025ರ ನವೆಂಬರ್ 21ರಿಂದ ಇದರ ಜಾಗಕ್ಕೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯೂ ಗ್ರಾಚ್ಯುಟಿಯ ಮಟ್ಟಿಗೆ ಅದೇ ಗೆರೆಯನ್ನು ಉಳಿಸಿಕೊಂಡಿದೆ. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು 2004ರಷ್ಟು ಹಿಂದೆಯೇ ಗೊತ್ತುಪಡಿಸಿದ ನಮ್ಮ ರಾಜ್ಯ, ಕೆಲಸ ಬಿಡುವ ದಿನದ ಬಗ್ಗೆ ಮಾತ್ರ ಈವರೆಗೆ ಏನನ್ನೂ ಹೇಳಿಲ್ಲ. ನಮ್ಮ ಕರಾವಳಿಯವರು ದುಡಿಯಲು ಹೋಗುವ ಕುವೈತ್‌ನಲ್ಲಿ 2015ರ ಗೃಹ ಕಾರ್ಮಿಕರ ಕಾನೂನು ಸೇವೆಯ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳವನ್ನು ಕೊನೆಯಲ್ಲಿ ಕೊಡಬೇಕೆನ್ನುತ್ತದೆ.

ಪಿಂಚಣಿಯಲ್ಲಿ ಬದುಕುವ ಮನೆಗಳು ಇಷ್ಟು ದೊಡ್ಡ ಮೊತ್ತವನ್ನು ಒಮ್ಮೆಲೇ ಎಲ್ಲಿಂದ ತರಬೇಕೆಂದು ನನ್ನ ನೆರೆಯವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ 4,500 ರೂಪಾಯಿ ಸಂಬಳಕ್ಕೆ ತಿಂಗಳಿಗೆ ಇನ್ನೂರು ಚಿಲ್ಲರೆ ರೂಪಾಯಿ ತೆಗೆದಿಟ್ಟರೆ ಸಾಕಾಗುತ್ತದೆ. ಸಂಬಳ ಏರಿದಂತೆ ಅದನ್ನೂ ಏರಿಸಬೇಕು, ಅಷ್ಟೆ. ನಾಲ್ಕು ಮನೆಗಳಲ್ಲಿ ದುಡಿಯುವವರಿಗೆ ಒಬ್ಬರೇ ಏಕೆ ಕೊಡಬೇಕೆಂಬ ಮಾತಿಗೂ ಅರ್ಥವಿಲ್ಲ, ಏಕೆಂದರೆ ಪ್ರತಿ ಮನೆಯವರೂ ತಾವು ಕೊಡುವ ಸಂಬಳದ ಮೇಲಷ್ಟೇ ಲೆಕ್ಕ ಹಾಕುತ್ತಾರೆ. ದೀಪಾವಳಿಯ ಸೀರೆ, ಹಬ್ಬದ ಇನಾಮುಗಳನ್ನು ಇದರಲ್ಲಿ ಕಳೆಯುವುದು ಸಲ್ಲದು.

ಇನ್ನು ಮರಳಿ ಬಂದವರ ವಿಷಯ. ಕಾರ್ಖಾನೆಯ ನೌಕರನಿಗಾದರೆ, ಮಧ್ಯೆ ಬಿಟ್ಟುಹೋದನೆಂದು ಮೊದಲ ಅವಧಿಯ ಗ್ರಾಚ್ಯುಟಿ ಬಿದ್ದುಹೋಗುವುದಿಲ್ಲ; ಅದು ಬಿಟ್ಟ ದಿನವೇ ಹುಟ್ಟಿದ ಬಾಕಿ. ಮರಳಿ ಸೇರಿದ ಮೇಲಿನ ಸೇವೆಯನ್ನು ಬೇರೆಯಾಗಿ ಎಣಿಸುತ್ತಾರೆ. ಮನೆಗಳಲ್ಲಿ ನಾವು ಮಾಡುವುದು ತದ್ವಿರುದ್ಧ: ಹಳೆಯದನ್ನು ಕೊಡದೆ ಹೊಸದನ್ನು ಸೊನ್ನೆಯಿಂದ ಶುರು ಮಾಡುತ್ತೇವೆ, ಸಂಬಳವನ್ನೂ ಇಳಿಸುತ್ತೇವೆ. ಕಾರ್ಖಾನೆಯ ಪದ್ಧತಿಯನ್ನೂ ಹಾಗೆಯೇ ಎತ್ತಿ ತರುವುದು ಸಾಲದೆಂದು ನನ್ನ ಅಭಿಪ್ರಾಯ. ಈ ಹೆಂಗಸರು ಕೆಲಸ ಬಿಡುವುದು ಬಹುಮಟ್ಟಿಗೆ ಬಾಣಂತನಕ್ಕೆ, ಮುದುಕರ ಆರೈಕೆಗೆ, ತಮ್ಮದೇ ಮಂಡಿ ನೋವಿಗೆ. ಐವತ್ತು ದಾಟಿ ಹಳೆಯ ಮನೆಗೆ ಮರಳಿದವರಿಂದ ಇನ್ನೊಮ್ಮೆ ಐದು ವರ್ಷದ ಅರ್ಹತೆ ಕೇಳುವುದು ಕೊಡದಿರುವ ದಾರಿಯೇ ಆದೀತು.

ಬಾಕಿ ಹಣವನ್ನು ಎರಡು ಕಂತಿನಲ್ಲಿ ಅವರ ಬ್ಯಾಂಕ್ ಖಾತೆಗೆ ಹಾಕಿ, ಸಂಬಳವನ್ನೂ ಸರಿಪಡಿಸಿದೆ. ಮೊದಲ ಕಂತು ಜಮೆಯಾದ ದಿನ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಅಮ್ಮಾ, ಇದನ್ನ ತಿಂಗಳಿಗೆ ಎಷ್ಟು ಮುರ್ಕೋತೀರಾ?’ ಎಂದು ಕೇಳಿದರು.

ಮನೆಗೆಲಸದವರ ಸ್ಥಿತಿಗತಿಗೆ ಪ್ರತ್ಯೇಕ ಕಾನೂನಿನ ಅಗತ್ಯವನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಕೇಂದ್ರಕ್ಕೆ ಸೂಚಿಸಿತು. ಅದೇ ವರ್ಷ ನಮ್ಮ ರಾಜ್ಯದ ಕಾರ್ಮಿಕ ಇಲಾಖೆಯೂ ನೋಂದಣಿ, ಲಿಖಿತ ಒಪ್ಪಂದ, ಮಾಲೀಕರಿಂದ ಕಲ್ಯಾಣ ಶುಲ್ಕ ಇವುಗಳನ್ನೊಳಗೊಂಡ ಕರಡು ಮಸೂದೆಯೊಂದನ್ನು ಸಿದ್ಧಪಡಿಸಿತು. ಆ ಒಪ್ಪಂದದ ನಮೂನೆಯಲ್ಲಿ ಕೆಲಸಕ್ಕೆ ಸೇರಿದ ದಿನ, ಬಿಟ್ಟ ದಿನ, ಬಿಟ್ಟಾಗ ಕೊಟ್ಟ ಮೊತ್ತ, ಮರಳಿ ಸೇರಿದ ದಿನ ಇವಿಷ್ಟಕ್ಕೂ ಕಲಂಗಳಿರಬೇಕು, ಹಿಂದಿನ ಮೊತ್ತ ಸಂದಾಯವಾಗಿರದಿದ್ದರೆ ಎರಡೂ ಅವಧಿಗಳನ್ನು ಕೂಡಿಸಿ ಎಣಿಸಬೇಕು ಎಂದು ಕಾರ್ಮಿಕ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಓರ್ವ ನಿವೃತ್ತ ಶಿಕ್ಷಕಿ, ಮೈಸೂರು