ಆರು ತಿಂಗಳಿಗೊಮ್ಮೆಯ ಮೂಳೆಯ ಇಂಜೆಕ್ಷನ್ ತಪ್ಪದಂತೆ ನೋಡಿಕೊಳ್ಳಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರಲ್ಲಿರುವ ನನ್ನ ತಾಯಿಗೆ ಈಗ 68 ವರ್ಷ. ಏಳು ವರ್ಷಗಳ ಹಿಂದೆ ಬಚ್ಚಲಿನಲ್ಲಿ ಜಾರಿ ಬಿದ್ದು ಅವರ ಮಣಿಕಟ್ಟು ಮುರಿದಾಗ, ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿ, ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟು ಕಳುಹಿಸಿದರು. ನಿಂತಲ್ಲಿಂದ ಬಿದ್ದಷ್ಟಕ್ಕೇ ಮೂಳೆ ಮುರಿದರೆ ಒಳಗೆ ಮೂಳೆಯೇ ಟೊಳ್ಳಾಗಿರಬಹುದು, ಅದನ್ನು ಪರೀಕ್ಷಿಸಬೇಕು ಎಂದು ಯಾರೂ ಹೇಳಲಿಲ್ಲ. ನಮ್ಮ ಕಡೆ ಮಂಡಿನೋವಿಗೂ ಇದಕ್ಕೂ ಸೇರಿಸಿ ‘ಮೂಳೆ ಸವೆತ’ ಎಂದೇ ಹೇಳುತ್ತಾರೆ; ಆದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವುದು, ಕೀಲಿನ ಸವೆತವಲ್ಲ; ಮೂಳೆ ಮುರಿಯುವ ದಿನದವರೆಗೂ ನೋವನ್ನೇ ಕೊಡದ ಬೇರೆ ಕಾಯಿಲೆ. ಈ ಒಂದು ಹೆಸರಿನ ಗೊಂದಲದಿಂದಲೇ ಎಷ್ಟು ಮಹಿಳೆಯರು ತಪಾಸಣೆಗೆ ಹೋಗದೆ ಉಳಿದಿದ್ದಾರೋ ಎಂದು ನನಗೆ ಅನ್ನಿಸುತ್ತದೆ.

ಮೂರು ವರ್ಷಗಳ ಹಿಂದೆ ಖಾಸಗಿ ಕೇಂದ್ರವೊಂದರಲ್ಲಿ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ತಾಯಿಯ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 3.4 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದನ್ನು ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಸರಿಪಡಿಸಿದ ಮೇಲೆ ಡೆನೊಸುಮ್ಯಾಬ್ ಎಂಬ ಇಂಜೆಕ್ಷನ್ ಆರಂಭಿಸಿದರು. ಇದು 60 ಮಿಲಿಗ್ರಾಂ ಔಷಧ, ಆರು ತಿಂಗಳಿಗೊಮ್ಮೆ ಚರ್ಮದ ಅಡಿಗೆ ಕೊಡುವಂಥದ್ದು. ಎರಡು ಸಲ ಆಯಿತು. ಮೂರನೆಯದರ ಹೊತ್ತಿಗೆ ಮನೆಯಲ್ಲಿ ತಂದೆಯವರ ಶಸ್ತ್ರಚಿಕಿತ್ಸೆಯ ಖರ್ಚು ಬಂದಿತ್ತು, ಅವ್ವ “ನನಗೇನೂ ನೋವಿಲ್ಲ, ಈ ಸಲ ಬಿಡ್ರಿ” ಅಂದರು, ನಾವೂ ಬಿಟ್ಟೆವು. ಕೊನೆಯ ಇಂಜೆಕ್ಷನ್ ಆದ ಹನ್ನೊಂದನೇ ತಿಂಗಳಲ್ಲಿ, ನೀರಿನ ಕೊಡ ಎತ್ತುವಾಗ ಅವರ ಬೆನ್ನುಮೂಳೆಯ ಎರಡು ಮಣಿಗಳು ಕುಸಿದವು.

ಆಮೇಲೆ ತಿಳಿದದ್ದು ಇಷ್ಟು: ಡೆನೊಸುಮ್ಯಾಬ್ ಮೂಳೆಯಲ್ಲಿ ಉಳಿದುಕೊಳ್ಳುವ ಔಷಧವಲ್ಲ. ಅವಧಿ ಮೀರಿದ ಕೂಡಲೇ ಅದುವರೆಗೆ ತಡೆಹಿಡಿದಿದ್ದ ಮೂಳೆ ಕರಗುವಿಕೆ ಮೊದಲಿಗಿಂತಲೂ ಹೆಚ್ಚಿನ ವೇಗದಲ್ಲಿ ಮರಳುತ್ತದೆ, ಗಳಿಸಿದ ಸಾಂದ್ರತೆ ಕೆಲವೇ ತಿಂಗಳಲ್ಲಿ ಇಳಿಯುತ್ತದೆ, ಕೆಲವರಲ್ಲಿ ಒಂದಲ್ಲ, ಹಲವು ಮಣಿಗಳು ಒಟ್ಟಿಗೆ ಮುರಿಯುತ್ತವೆ. ಆದ್ದರಿಂದ ಕೊನೆಯ ಇಂಜೆಕ್ಷನ್‌ನಿಂದ ಏಳು ತಿಂಗಳು ದಾಟಬಾರದು, ನಿಲ್ಲಿಸಲೇಬೇಕಾದರೆ ವೈದ್ಯರ ಸಲಹೆಯಂತೆ ಬೇರೆ ಔಷಧಕ್ಕೆ ಬದಲಾಗಬೇಕು. ಇದು ವೈದ್ಯಲೋಕಕ್ಕೆ ಹೊಸದೇನಲ್ಲ. ನಮ್ಮ ಕೈಗೆ ಕೊಟ್ಟ ಕಡತದಲ್ಲಿ ಮಾತ್ರ “ಆರು ತಿಂಗಳ ನಂತರ ಬನ್ನಿ” ಎಂದಷ್ಟೇ ಇತ್ತು, ಬಾರದಿದ್ದರೆ ಏನಾಗುತ್ತದೆ ಎಂಬ ಒಂದು ಸಾಲೂ ಇರಲಿಲ್ಲ. ಈಗ ವೈದ್ಯರು ಅದೇ ಚಿಕಿತ್ಸೆಯನ್ನು ಮತ್ತೆ ಆರಂಭಿಸಿದ್ದಾರೆ. ಬಾಗಿದ ಬೆನ್ನು ಬಾಗಿಯೇ ಇದೆ.

ಮಾನ್ಯರೇ, ಇದೇ ರಾಜ್ಯದಲ್ಲಿ ಮಗುವಿನ ಲಸಿಕೆಯ ದಿನಾಂಕ ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ, ಆ ದಿನ ತಪ್ಪಿದರೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ವಿಚಾರಿಸುತ್ತಾರೆ. ಇಷ್ಟು ಒಳ್ಳೆಯ ವ್ಯವಸ್ಥೆ ನಮ್ಮಲ್ಲಿ ಆಗಲೇ ಇರುವುದರಿಂದಲೇ ಈ ಪತ್ರ ಬರೆಯುವ ಧೈರ್ಯ ಬಂದಿದೆ. ಮೂಳೆಯ ಇಂಜೆಕ್ಷನ್ ಪಡೆಯುವ ಪ್ರತಿಯೊಬ್ಬರಿಗೂ ಔಷಧದ ಹೆಸರು, ಕೊಟ್ಟ ದಿನ, ಮುಂದಿನ ದಿನ, ತಪ್ಪಿಸಿದರೆ ಆಗುವ ಅಪಾಯ ಇವನ್ನು ಕನ್ನಡದಲ್ಲಿ ಮುದ್ರಿಸಿದ ಒಂದು ಕಾರ್ಡ್ ಕೊಡುವಂತೆ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆಲ್ಲಕ್ಕೂ ಇಲಾಖೆಯಿಂದ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ. ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆಗೆ ಬಂದು ರಕ್ತದೊತ್ತಡ, ಸಕ್ಕರೆ ಕಾಯಿಲೆ ತಪಾಸಣೆ ಮಾಡುವವರು, ಐವತ್ತು ದಾಟಿದವರನ್ನು “ಬಿದ್ದು ಮೂಳೆ ಮುರಿದುಕೊಂಡದ್ದುಂಟೇ?” ಎಂದು ಇನ್ನೊಂದು ಪ್ರಶ್ನೆ ಕೇಳಲಿ.

ಖರ್ಚಿನ ಮಾತನ್ನೂ ಆಡಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗಾಗಿ ರೂಪುಗೊಂಡದ್ದು. ಹೊರರೋಗಿಯಾಗಿ ಬಂದು ಇಂಜೆಕ್ಷನ್ ಪಡೆದು ಹೋಗುವವರು ತಮ್ಮ ಜೇಬಿನಿಂದಲೇ ಕೊಡುತ್ತಾರೆ. ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕನಿಷ್ಠ 15 ನಿಮಿಷ ಹರಿಸುವ 5 ಮಿಲಿಗ್ರಾಂ ಝೋಲೆಡ್ರಾನಿಕ್ ಆಮ್ಲ ಎಂಬ, ಇದೇ ಕಾಯಿಲೆಯ ಇನ್ನೊಂದು ಔಷಧವನ್ನಾದರೂ ಜಿಲ್ಲಾಸ್ಪತ್ರೆಗಳಲ್ಲಿ ಉಚಿತವಾಗಿ ದೊರಕುವಂತೆ ಮಾಡಬಹುದಲ್ಲವೇ? 2007ರಲ್ಲಿ ಪ್ರಕಟವಾದ, 7,000ಕ್ಕೂ ಹೆಚ್ಚು ಮಹಿಳೆಯರ ಅಧ್ಯಯನದಲ್ಲಿ ಈ ಔಷಧ ಮೂರು ವರ್ಷಗಳಲ್ಲಿ ಬೆನ್ನುಮೂಳೆಯ ಮುರಿತವನ್ನು ಶೇ 70ರಷ್ಟು, ಸೊಂಟದ ಮುರಿತವನ್ನು ಶೇ 41ರಷ್ಟು ತಗ್ಗಿಸಿತು. ವರ್ಷಕ್ಕೆ ಒಂದೇ ಸಲ ಬಂದರೆ ಸಾಕು ಎಂಬುದು ಬಸ್ಸು ಹಿಡಿದು ಜಿಲ್ಲಾ ಕೇಂದ್ರಕ್ಕೆ ಬರುವವರಿಗೆ ಸಣ್ಣ ಅನುಕೂಲವಲ್ಲ.

ಈ ಔಷಧಗಳನ್ನು ಶಿಬಿರದಲ್ಲಿ ಸಾಲಾಗಿ ನಿಲ್ಲಿಸಿ ಚುಚ್ಚಿ ಕಳುಹಿಸಿ ಎಂದು ನಾನು ಕೇಳುತ್ತಿಲ್ಲ. ಮೂತ್ರಪಿಂಡ ತೀರಾ ದುರ್ಬಲವಾದವರಿಗೆ ಝೋಲೆಡ್ರಾನಿಕ್ ಆಮ್ಲ ಕೊಡುವಂತಿಲ್ಲ. ಅಂಥವರಲ್ಲಿ ಡೆನೊಸುಮ್ಯಾಬ್ ರಕ್ತದ ಕ್ಯಾಲ್ಸಿಯಂ ಅನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಜನವರಿಯಲ್ಲಿ ತನ್ನ ಅತ್ಯಂತ ಕಠಿಣ ಎಚ್ಚರಿಕೆಯನ್ನು ಸೇರಿಸಿತು. ಹಲ್ಲು ಕೀಳಿಸುವುದಿದ್ದರೆ ಮೊದಲೇ ಹೇಳಬೇಕು, ದವಡೆಯ ಮೂಳೆಗೆ ತೊಂದರೆಯಾಗುವುದು ಅಪರೂಪವಾದರೂ ಉಂಟು. ಇವೆಲ್ಲವನ್ನೂ ನೋಡಿ ನಿರ್ಧರಿಸಲು ವೈದ್ಯರೇ ಬೇಕು, ಮತ್ತು ಆ ವೈದ್ಯರ ಕೈಗೆ ಡೆಕ್ಸಾ ಯಂತ್ರ, ರಕ್ತ ಪರೀಕ್ಷೆ ಎರಡೂ ಹತ್ತಿರದಲ್ಲೇ ಸಿಗಬೇಕು.

ಯಂತ್ರ ಮತ್ತು ಔಷಧಕ್ಕೆ ಆಯವ್ಯಯ ಬೇಕು, ಸಮಯ ಹಿಡಿಯುತ್ತದೆ ಎಂಬುದು ನನಗೆ ಗೊತ್ತು. ಕಾರ್ಡಿಗೆ ಹಾಗಲ್ಲ, ಒಂದು ಹಾಳೆ ದಪ್ಪ ಕಾಗದ ಮತ್ತು ತಮ್ಮ ಇಲಾಖೆಯ ಒಂದು ಆದೇಶ ಸಾಕು. ಅದನ್ನು ಈ ವರ್ಷವೇ ಆರಂಭಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಗೌರವಪೂರ್ವಕವಾಗಿ,
ಚಿತ್ರದುರ್ಗ ಜಿಲ್ಲೆಯ ಒಬ್ಬ ಮಗಳು